ಮೆಟ್ಟಿಲು ಹತ್ತಲಾರದ ಉಮೇದುವಾರ

ಆಳಂದದಿಂದ ವಾಗ್ದರಿಯ ಕಡೆಗೆ ಹೊರಟ ರಸ್ತೆ ಮಹಾರಾಷ್ಟ್ರವನ್ನು ಮುಟ್ಟುವ ಮುನ್ನ ಸಿಗುವ ಊರು ಹಿರೋಳ್ಳಿ. ಚುನಾವಣೆ ಘೋಷಣೆಯಾದಾಗ ಇಲ್ಲಿಯ ತನಿಖಾ ಠಾಣೆಯ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿಯೂ ಕಾಣಿಸಿಕೊಂಡಿತ್ತು. ಉಳಿದಂತೆ ಇದು ತೊಗರಿ ಬೆಳೆಯುವ, ಕನ್ನಡ, ಮರಾಠಿ, ದಖನಿ ಉರ್ದು ಮೂರನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುವ ಗಡಿಸೀಮೆ. ಕಳೆದ ಬಾರಿ ತೊಗರಿ ರಾಶಿಯ ದಿನಗಳಲ್ಲಿ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಇಲ್ಲಿ ಚಹಾಕ್ಕೆಂದು ಇಳಿದಾಗ, ಪಕ್ಕದಲ್ಲಿ ಎರಡು ಹೆಚ್ಚುವರಿ ಗಾಲಿ ಜೋಡಿಸಿದ ಸ್ಕೂಟರಿನ ಮೇಲೆ ಕುಳಿತಿದ್ದ ವ್ಯಕ್ತಿಯೊಬ್ಬರು ನನ್ನನ್ನು ಗುರುತು ಹಿಡಿದರು. ಅವರ ಗುರುತು ನನಗೆ ಹತ್ತಲು ಕೆಲವು ನಿಮಿಷ ಬೇಕಾಯಿತು. ಹತ್ತಿದ ಮೇಲೆ ಚಹಾ ಗಂಟಲಿನಲ್ಲಿ ಇಳಿಯುವುದು ಕಷ್ಟವಾಯಿತು.

ಅವರ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹೇಳುವುದು ಬೇಡ. ಹಿರೋಳ್ಳಿಯ ಸುತ್ತಲಿನ ಸೀಮೆಯವರು, ದರ್ಜಿ ಕೆಲಸದವರು ಎಂದರೆ ಸಾಕು. 2000ದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಾನು ಚುನಾವಣಾಧಿಕಾರಿ, ಅವರು ಉಮೇದುವಾರ. ಆಗ ಅವರಿಗೆ ಮೂವತ್ತೈದರ ಆಸುಪಾಸು. ಬಾಲ್ಯದಲ್ಲಿ ತಗುಲಿದ ಪೋಲಿಯೊದಿಂದ ಎರಡೂ ಕಾಲುಗಳು ಶಕ್ತಿಗುಂದಿದ್ದವು. ನಾಮಪತ್ರ ಸ್ವೀಕರಿಸಲು ನಮಗೆ ಕೊಟ್ಟಿದ್ದ ಕೋಣೆ ಎತ್ತರದ ಕಟ್ಟೆಯ ಮೇಲಿತ್ತು. ಐದೋ ಆರೋ ಕಲ್ಲಿನ ಮೆಟ್ಟಿಲು. ಅವರು ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲನ್ನು ಕೆಳಗೆ ನಿಲ್ಲಿಸಿ, ಅಂಗೈಗಳನ್ನು ಊರಿ, ಒಂದೊಂದೇ ಮೆಟ್ಟಿಲು ಏರಿ ಬಂದರು. ನಾಮಪತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ನಾನು ಕುರ್ಚಿಯಲ್ಲಿ ಕುಳಿತೇ ನೋಡುತ್ತಿದ್ದೆ. ಇಳಿದು ಹೋಗಿ ಕೆಳಗೇ ಆ ಕಾಗದವನ್ನು ಪಡೆಯಬಹುದೆಂಬ ವಿಚಾರ ನನಗಾಗಲಿ ಕೋಣೆಯಲ್ಲಿದ್ದ ಇನ್ನಿಬ್ಬರು ನೌಕರರಿಗಾಗಲಿ ಹೊಳೆಯಲಿಲ್ಲ.

ಅಂಗವಿಕಲರ ಹಕ್ಕುಗಳ 1995ರ ಕಾಯ್ದೆ ಜಾರಿಗೆ ಬಂದು ಅಷ್ಟರಲ್ಲಿ ನಾಲ್ಕು ವರ್ಷವಾಗಿತ್ತು. ಸಾರ್ವಜನಿಕ ಕಟ್ಟಡಗಳಿಗೆ ಇಳಿಜಾರು ದಾರಿ ಇರಬೇಕೆಂದು ಅದು ಹೇಳುತ್ತಿತ್ತು, 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಜಾಣ ಷರತ್ತಿನೊಡನೆ. ಆ ಷರತ್ತಿನ ಆಶ್ರಯದಲ್ಲಿ ನಮ್ಮ ಎಷ್ಟೋ ಕಚೇರಿಗಳು ದಶಕಗಳ ಕಾಲ ಮೆಟ್ಟಿಲುಗಳ ಮೇಲೆಯೇ ಕುಳಿತಿದ್ದವು.

ಕಾಗದಪತ್ರಗಳು ಕ್ರಮಬದ್ಧವಾಗಿದ್ದವು. ಊರಿನವರ ಅರ್ಜಿಗಳನ್ನೆಲ್ಲ ಅವರೇ ಬರೆದುಕೊಡುತ್ತಿದ್ದರೆಂದು ಆ ಮೇಲೆ ತಿಳಿಯಿತು, ಬರವಣಿಗೆ ಅಚ್ಚುಕಟ್ಟಾಗಿತ್ತು. ಸ್ವೀಕೃತಿ ಕೊಡುತ್ತ ನಾನು, ಪೂರ್ತಿ ಸದ್ಭಾವನೆಯಿಂದಲೇ, "ನಿಮಗ್ಯಾಕ್ರೀ ಈ ತ್ರಾಸು? ಮೆಂಬರ್ ಆದ್ರ ದಿನಾ ಓಡಾಡಬೇಕಾಗ್ತದ" ಎಂದೆ. ಅವರು ನಕ್ಕು ಕೈಮುಗಿದು ಇಳಿದು ಹೋದರು. ನಾಮಪತ್ರ ಹಿಂತೆಗೆದುಕೊಳ್ಳುವ ದಿನ ಮತ್ತೆ ಅದೇ ಮೆಟ್ಟಿಲು ಏರಿ ಬಂದು, ಹಿಂತೆಗೆತದ ಅರ್ಜಿಯನ್ನು ಮುಂದಿಟ್ಟರು. ಕಾರಣ ಕೇಳುವುದು ಚುನಾವಣಾಧಿಕಾರಿಯ ಕೆಲಸವಲ್ಲ, ಆದರೂ ಕೇಳಿದೆ. "ಸಾಹೇಬ್ರೇ ಅಂದಾರಂತ, ಇವನ ಕೈಲೆ ಆಗಂಗಿಲ್ಲಂತ. ಊರೆಲ್ಲಾ ಅದೇ ಮಾತು ನಡದದ್ರೀ" ಎಂದರು.

ಎದುರಾಳಿಯ ಕಡೆಯವರು ಯಾರೋ ಕೋಣೆಯಲ್ಲಿದ್ದಿರಬೇಕು. ನಾನು ಆಡಿದ ಸಹಾನುಭೂತಿಯ ಮಾತು ಮೂರು ದಿನಗಳಲ್ಲಿ ಸರ್ಕಾರದ ತೀರ್ಪಾಗಿ ಊರಿಗೆ ತಲುಪಿತ್ತು. ಚುನಾವಣಾಧಿಕಾರಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಮಾತನಾಡಬಾರದೆಂಬುದು ನಿಯಮ. ಒಬ್ಬ ಅಭ್ಯರ್ಥಿಯ ಜಾತಿಯ ಬಗ್ಗೆ ನಾನು ಹಾಗೆ ಮಾತನಾಡಿದ್ದರೆ ಅಮಾನತಾಗುತ್ತಿದ್ದೆ. ಕಾಲುಗಳ ಬಗ್ಗೆ ಮಾತನಾಡಿದ್ದಕ್ಕೆ ಯಾರೂ ದೂರು ಕೊಡಲಿಲ್ಲ; ಅದು ತಪ್ಪೆಂದು ನನಗೂ ಬಹಳ ಕಾಲ ಅನಿಸಲಿಲ್ಲ.

ಅಂಗವೈಕಲ್ಯವುಳ್ಳ ಅಭ್ಯರ್ಥಿಯನ್ನು ನಮ್ಮ ಮತದಾರ ಹೇಗೆ ನೋಡುತ್ತಾನೆ ಎಂಬ ಪ್ರಶ್ನೆಯನ್ನು ನಾನು ಅಂದಿನಿಂದ ಮನಸ್ಸಿನಲ್ಲಿಟ್ಟುಕೊಂಡು ಬಂದಿದ್ದೇನೆ. ಸುಲಭದ ಉತ್ತರ ಒಂದಿದೆ: ಮತದಾರ ಅಜ್ಞಾನಿ, ಅವನಲ್ಲಿ ಪೂರ್ವಗ್ರಹವಿದೆ, ಜಾಗೃತಿ ಮೂಡಿಸಬೇಕು. ಸರ್ಕಾರಿ ಕಾರ್ಯಾಗಾರಗಳಲ್ಲಿ ಈ ಮಾತನ್ನು ನಾನೂ ಆಡಿದ್ದೇನೆ. ಈಗ ಅದರಲ್ಲಿ ನನಗೆ ನಂಬಿಕೆಯಿಲ್ಲ.

ಪೂರ್ವಗ್ರಹ ಇಲ್ಲವೆಂದಲ್ಲ. ಅದರ ಬೇರು ಬಹಳ ಆಳದಲ್ಲಿದೆ. ಹಿರಿಯನಾದರೂ ಕುರುಡನೆಂಬ ಕಾರಣಕ್ಕೆ ಧೃತರಾಷ್ಟ್ರನಿಗೆ ತಪ್ಪಿದ ಪಟ್ಟ ಪಾಂಡುವಿಗೆ ಹೋಯಿತೆಂಬುದನ್ನು ನಮ್ಮ ಹಳ್ಳಿಯ ಬಯಲಾಟ ನೋಡಿದ ಮಗುವೂ ಬಲ್ಲುದು. ಮುಂದಿನ ಅನರ್ಥಗಳಿಗೆಲ್ಲ ಕುರುಡನಾದ ರಾಜ ಕಾರಣನೆಂದು ನಾವು ಹೇಳುತ್ತೇವೆಯೇ ಹೊರತು, ಆ ಅನರ್ಹತೆಯ ನಿಯಮವೇ ಕಾರಣವಿರಬಹುದೇ ಎಂದು ಕೇಳುವುದಿಲ್ಲ. ಪುರಾಣ ಹಾಗಿರಲಿ. ಹುಟ್ಟುಕುರುಡರು, ಕಿವುಡರು ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಪಡೆಯಲಾರರೆಂಬ ಹಳೆಯ ಹಿಂದೂ ಧರ್ಮಶಾಸ್ತ್ರದ ನಿಯಮವನ್ನು ಬಹುಮಟ್ಟಿಗೆ ತೆಗೆದುಹಾಕಲು 1928ರಲ್ಲಿ ಒಂದು ಶಾಸನವೇ ಬೇಕಾಯಿತು. ಪೂರ್ತಿಯಾಗಿ ಹೋದದ್ದು 1956ರ ಉತ್ತರಾಧಿಕಾರ ಕಾಯ್ದೆಯಿಂದ. ಹೊಲದಲ್ಲಿ ಪಾಲಿಲ್ಲದವನಿಗೆ ಊರಿನ ಆಡಳಿತದಲ್ಲಿ ಪಾಲು ಯಾರು ಕೊಟ್ಟಾರು? ಕಾನೂನಿನ ಪುಸ್ತಕಗಳಿಂದ ಈ ಧೋರಣೆ ಇತ್ತೀಚಿನವರೆಗೂ ಅಳಿದಿರಲಿಲ್ಲ. ಕುಷ್ಠರೋಗವಿದ್ದವರು ಪುರಸಭೆಯ ಸದಸ್ಯರಾಗಬಾರದೆಂಬ ಒರಿಸ್ಸಾದ 1950ರ ಕಾಯ್ದೆಯ ನಿಯಮವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ರೋಗ ಗುಣವಾಗುವಂಥದು ಎಂಬುದನ್ನು ನ್ಯಾಯಾಲಯವೂ ಬಲ್ಲುದಾಗಿತ್ತು. ಇಂಥ ನಿಯಮ ಇನ್ನೂ ಬೇಕೇ ಎಂಬುದನ್ನು ಶಾಸಕಾಂಗ ಯೋಚಿಸಲಿ ಎಂದು ಸೂಚಿಸಿ ಕೈಬಿಟ್ಟಿತು. ಗೆದ್ದು ಬಂದ ಸದಸ್ಯ ಮಾತ್ರ ಸ್ಥಾನ ಕಳೆದುಕೊಂಡ. ಮತದಾರರು ಆತನನ್ನು ಆರಿಸಿದ್ದರು ಎಂಬುದನ್ನು ಗಮನಿಸಬೇಕು. ಜಾಗೃತಿ ಯಾರಿಗೆ ಬೇಕಿತ್ತು?

ನಮ್ಮ ಸಮಾಜ ಅಂಗವಿಕಲರನ್ನು ಬರೀ ಹೀಗಳೆಯುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿಯ ನಂತರ ಬಂದು ಮನೆತನಗಳ ವಂಶಾವಳಿ ಓದುವ ಹೆಳವರನ್ನು ನೆನೆಯಿರಿ. ಹೆಳವ ಎಂದರೆ ಕಾಲಿಲ್ಲದವ. ಅವರ ಮೂಲಪುರುಷ ನಡೆಯಲಾರದವನಾಗಿ ಎತ್ತಿನ ಮೇಲೆ ಕುಳಿತು ಊರೂರು ತಿರುಗಿದನೆಂದು ಐತಿಹ್ಯ. ಏಳು ತಲೆಮಾರಿನ ಹೆಸರುಗಳನ್ನು ಊರು ನಂಬಿ ಒಪ್ಪಿಸಿದ್ದು ಆ ಕಾಲಿಲ್ಲದವನ ಪರಂಪರೆಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದಾಗ ಗದುಗಿಗೆ ಹರಿದು ಬಂದ ಜನಸಾಗರದಲ್ಲಿ ನಮ್ಮ ಭಾಗದವರೂ ಇದ್ದರು. ಜ್ಞಾನ, ಭಕ್ತಿ, ಸಂಗೀತಗಳ ಪೀಠಕ್ಕೆ ಅಂಧನನ್ನು ಏರಿಸಿ ಪಾದ ಮುಟ್ಟುವ ಜನ ಅಧಿಕಾರದ ಕುರ್ಚಿಯ ವಿಷಯದಲ್ಲಿ ಮಾತ್ರ ಹಿಂಜರಿಯುತ್ತಾರೆ. ಹಾಗಾದರೆ ಹಿಂಜರಿಕೆ ದೇಹದ ಕುರಿತಾದದ್ದಲ್ಲ. ಅಧಿಕಾರವೆಂದರೇನು ಎಂಬ ಅವರ ಕಲ್ಪನೆಗೆ ಸಂಬಂಧಿಸಿದ್ದು.

ಈ ಕಲ್ಪನೆಯನ್ನು ನನ್ನ ದರ್ಜಿ ಮಿತ್ರರು ಒಂದೇ ಮಾತಿನಲ್ಲಿ ವಿವರಿಸಿದರು. ಅವರು 2005ರಲ್ಲಿ ಮತ್ತೆ ನಿಂತಿದ್ದರಂತೆ, ಯಾವ ಸಾಹೇಬರ ಮಾತಿಗೂ ಕಿವಿಗೊಡದೆ. ಹೊಲಿಗೆ ಯಂತ್ರದ ಚಿಹ್ನೆಯನ್ನೇ ಕೇಳಿ ಪಡೆದಿದ್ದರು. ಕೆಲವೇ ಮತಗಳಿಂದ ಸೋತರು. "ಅಂಗಿ ಹೊಲಸಲಾಕ ಬರ್ತಾರ್ರೀ, ಓಟು ಹಾಕಲಾಕ ಬರಲಿಲ್ಲ" ಎಂದು ನಕ್ಕರು. ಆಗ ಊರಿನ ಹಿರಿಯ ಒಕ್ಕಲಿಗರೊಬ್ಬರು ಅವರಿಗೆ ನೇರವಾಗಿ ಹೇಳಿದ್ದರಂತೆ: "ನೀ ಶಾಣ್ಯಾ ಇದ್ದೀ, ಸುಳ್ಳ ಹೇಳಂಗಿಲ್ಲ. ಆದ್ರ ನಮ್ಮ ಒಂದೊಂದು ಕೆಲಸಕ್ಕ ಆಳಂದಕ್ಕ ಹತ್ತು ಸಲ ಹೋಗಬೇಕಾಗ್ತದ. ಆ ಕಚೇರಿ ಈ ಕಚೇರಿ ಮ್ಯಾಲ ಹತ್ತಿ ಕೆಳಗ ಇಳದು, ನಿನಗ ಹ್ಯಾಂಗ ಆಗ್ತದ?"

ಈ ಮಾತಿನಲ್ಲಿ ತಿರಸ್ಕಾರವಿಲ್ಲ, ಲೆಕ್ಕಾಚಾರವಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದು ಪರಿಚಿತ. ತಾರತಮ್ಯದ ಅರ್ಥಶಾಸ್ತ್ರದ ಬಗ್ಗೆ ಗ್ಯಾರಿ ಬೆಕರ್ 1957ರಲ್ಲಿ ಬರೆದ ಪುಸ್ತಕ, ಪಕ್ಷಪಾತವನ್ನು ಒಂದು ಅಭಿರುಚಿಯೆಂದು ಬಗೆಯಿತು: ತನಗೆ ಒಗ್ಗದವರನ್ನು ದೂರವಿಡಲು ಮನುಷ್ಯ ನಷ್ಟವನ್ನೂ ಸಹಿಸುತ್ತಾನೆ. 1970ರ ದಶಕದ ಆರಂಭದಲ್ಲಿ ಎಡ್ಮಂಡ್ ಫೆಲ್ಪ್ಸ್ ಮತ್ತು ಕೆನೆತ್ ಆರೋ ಬೇರೊಂದು ವಿವರಣೆ ಕೊಟ್ಟರು: ವ್ಯಕ್ತಿಯ ಬಗ್ಗೆ ಪೂರ್ಣ ಮಾಹಿತಿ ಇಲ್ಲದಿದ್ದಾಗ ಅವನ ಗುಂಪಿನ ಬಗ್ಗೆ ತನಗಿರುವ ಸರಾಸರಿ ತಿಳಿವಳಿಕೆಯಿಂದ ಅಳೆಯುವುದು. ಆಳಂದದ ಆ ಒಕ್ಕಲಿಗನ ಮಾತು ಬೆಕರ್ ಹೇಳಿದ ಬಗೆಯದಲ್ಲ. ಫೆಲ್ಪ್ಸ್ ಹೇಳಿದ್ದಕ್ಕೆ ಹತ್ತಿರ, ಆದರೆ ಅದೂ ಪೂರ್ತಿ ಅಲ್ಲ. ಏಕೆಂದರೆ ಆತನಿಗೆ ಮಾಹಿತಿಯ ಕೊರತೆಯೇ ಇರಲಿಲ್ಲ. ಕಚೇರಿಗೆ ಎಷ್ಟು ಮೆಟ್ಟಿಲಿವೆ ಎಂಬುದೂ, ಒಂದು ಪಹಣಿ ತಿದ್ದುಪಡಿಗೆ ಎಷ್ಟು ಸಲ ಅಲೆಯಬೇಕೆಂಬುದೂ ಆತನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಗ್ರಾಮೀಣ ಮತದಾರ ಆರಿಸುವುದು ಶಾಸನ ರಚಿಸುವವನನ್ನಲ್ಲ, ತನಗೂ ಸರ್ಕಾರಕ್ಕೂ ನಡುವೆ ಓಡಾಡುವವನನ್ನು. 'ಓಡಾಡೋ ಮನುಷ್ಯ' ಎಂಬುದು ನಮ್ಮಲ್ಲಿ ಉಮೇದುವಾರನಿಗೆ ಸಿಗುವ ದೊಡ್ಡ ಪ್ರಶಸ್ತಿ. ವಿಧವಾ ವೇತನ, ಮನೆ ಮಂಜೂರಾತಿ, ಕೊಳವೆಬಾವಿಯ ವಿದ್ಯುತ್ ಸಂಪರ್ಕ, ಬೆಳೆ ವಿಮೆ ಇವೆಲ್ಲ ಅರ್ಜಿ ಕೊಟ್ಟ ಮಾತ್ರಕ್ಕೆ ನಿಗದಿತ ದಿನದಲ್ಲಿ ಬರುವಂತಿದ್ದರೆ ಪ್ರತಿನಿಧಿಗೆ ಕಾಲಿದೆಯೇ ಎಂದು ಯಾರು ಕೇಳುತ್ತಿದ್ದರು? ಆಡಳಿತವನ್ನು ಹತ್ತು ಸಲ ಅಲೆಯುವಂತೆ ಮಾಡಿಟ್ಟವರು ನಾವು. ಕಚೇರಿಗಳನ್ನು ಮೆಟ್ಟಿಲುಗಳ ಮೇಲೆ ಕಟ್ಟಿದವರು ನಾವು. ಕಡೆಗೆ ಮತದಾರನ ಮೇಲೆ ಪೂರ್ವಗ್ರಹದ ಆರೋಪ ಹೊರಿಸಿ ಜಾಗೃತಿ ಶಿಬಿರ ನಡೆಸಿದವರೂ ನಾವೇ.

ಇಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಮತದಾರನ ಕಣ್ಣಿಗೆ ಅಂಗವಿಕಲರು ಬೀಳುವ ಸಂದರ್ಭ ಯಾವುದು? ತಾಲೂಕು ಕೇಂದ್ರದ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಹೊಸ ತ್ರಿಚಕ್ರ ವಾಹನಗಳು, ಅವುಗಳ ಮೇಲೆ ಕೂರಿಸಿದ 'ಫಲಾನುಭವಿ'ಗಳು, ಬೀಗದ ಕೈ ಹಸ್ತಾಂತರಿಸುತ್ತ ಛಾಯಾಗ್ರಾಹಕನತ್ತ ನೋಡುವ ಜನಪ್ರತಿನಿಧಿ. ಇಂಥ ಸಮಾರಂಭಗಳನ್ನು ನಾನೇ ಎಷ್ಟೋ ಏರ್ಪಡಿಸಿದ್ದೇನೆ. ವಾಹನ ಬೇಕೇ ಬೇಕು, ನಿಜ. ಆದರೆ ವರ್ಷಗಟ್ಟಲೆ ಒಂದೇ ಚಿತ್ರ ನೋಡಿದ ಕಣ್ಣಿಗೆ, ಕೊಡುವ ಕೈ ಒಂದು ಬಗೆಯ ಜನರದು, ಪಡೆಯುವ ಕೈ ಇನ್ನೊಂದು ಬಗೆಯವರದು ಎಂದು ಅಚ್ಚಾಗಿಬಿಡುತ್ತದೆ. ಪಡೆಯುವವನು ಒಂದು ದಿನ ಬಂದು 'ನಾನು ಕೊಡುವವನಾಗುತ್ತೇನೆ, ಮತ ಹಾಕಿ' ಎಂದರೆ ಜನ ತಬ್ಬಿಬ್ಬಾಗುವುದು ಸಹಜ. ಹೆಸರುಗಳನ್ನು ಮಾತ್ರ ನಾವು ಬಹಳ ಶ್ರದ್ಧೆಯಿಂದ ಬದಲಿಸುತ್ತ ಬಂದೆವು: ಅಂಗವಿಕಲ, ವಿಕಲಚೇತನ, ವಿಶೇಷಚೇತನ, 2015ರ ನಂತರ ದಿವ್ಯಾಂಗ. ಇವುಗಳಲ್ಲಿ 'ವಿಕಲಚೇತನ' ನನಗೆ ಎಂದೂ ಹಿಡಿಸಲಿಲ್ಲ. ಕಾಲಿಗೆ ಬಂದ ಊನವನ್ನು ಚೇತನಕ್ಕೆ ಅಂಟಿಸುವ ಶಬ್ದ ಅದು.

ಹಾಗೆಂದು ಅಂಗವೈಕಲ್ಯವುಳ್ಳವರು ಗೆದ್ದೇ ಇಲ್ಲವೆಂದಲ್ಲ. ನಮ್ಮ ರಾಯಚೂರಿಗೆ ಹೊಂದಿಕೊಂಡ ಮೆಹಬೂಬನಗರ ಸೀಮೆಯ ಎಸ್. ಜೈಪಾಲ ರೆಡ್ಡಿಯವರು ಹಸುಗೂಸಾಗಿದ್ದಾಗಲೇ ಪೋಲಿಯೊಗೆ ತುತ್ತಾದವರು. ಊರುಗೋಲು ಹಿಡಿದೇ 1969ರಿಂದ ಕಲ್ವಕುರ್ತಿಯಲ್ಲಿ ಸತತವಾಗಿ ಗೆದ್ದು ಹದಿನೈದು ವರ್ಷ ಶಾಸಕರಾಗಿದ್ದರು. 1980ರಲ್ಲಿ ಮೇದಕ್‌ನಲ್ಲಿ ಇಂದಿರಾ ಗಾಂಧಿಯವರ ವಿರುದ್ಧವೇ ಸ್ಪರ್ಧಿಸಿ ಸೋತರು. ಮುಂದೆ ಲೋಕಸಭೆ, ರಾಜ್ಯಸಭೆ, ಕೇಂದ್ರ ಸಂಪುಟ. 2019ರಲ್ಲಿ ತೀರಿಕೊಳ್ಳುವವರೆಗೂ ಅವರ ಬಗ್ಗೆ ಜನ ಮಾತನಾಡಿದ್ದು ಅವರ ಇಂಗ್ಲಿಷ್ ಪದಸಂಪತ್ತು, ಪಕ್ಷಾಂತರ, ವಾಗ್ಮಿತೆಗಳ ಬಗ್ಗೆ. ಊರುಗೋಲು ಚರ್ಚೆಯ ವಿಷಯವಾಗಲಿಲ್ಲ. ಅದಕ್ಕೂ ಮೊದಲು, 1953ರಲ್ಲಿ ಶ್ಯಾಮಪ್ರಸಾದ ಮುಖರ್ಜಿಯವರ ನಿಧನದಿಂದ ತೆರವಾದ ಆಗ್ನೇಯ ಕಲ್ಕತ್ತಾ ಕ್ಷೇತ್ರದಿಂದ ಕಮ್ಯುನಿಸ್ಟ್ ಪಕ್ಷದ ಸಾಧನ್ ಗುಪ್ತಾ ಗೆದ್ದು, ಲೋಕಸಭೆಯ ಮೊದಲ ಅಂಧ ಸದಸ್ಯರಾದರು. ಮಧ್ಯಪ್ರದೇಶದ ಯಮುನಾ ಪ್ರಸಾದ ಶಾಸ್ತ್ರಿಯವರು ಗೋವಾ ವಿಮೋಚನಾ ಹೋರಾಟದಲ್ಲಿ ಪೋರ್ಚುಗೀಸ್ ಪೊಲೀಸರ ಹಿಂಸೆಯಿಂದ ಕಣ್ಣಿಗೆ ಪೆಟ್ಟು ತಿಂದು ಕ್ರಮೇಣ ಅಂಧರಾದವರು. 1977ರಲ್ಲಿ ರೀವಾ ಕ್ಷೇತ್ರದಲ್ಲಿ ಅಲ್ಲಿಯ ಮಹಾರಾಜರನ್ನೇ ಸೋಲಿಸಿದರು.

ಈ ಮೂವರನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ಒಬ್ಬರಿಗೆ ಭೂಮಿ ಮತ್ತು ಪ್ರಬಲ ಜಾತಿ, ಇನ್ನೊಬ್ಬರಿಗೆ ಶಿಸ್ತಿನ ಪಕ್ಷ, ಮತ್ತೊಬ್ಬರಿಗೆ ತ್ಯಾಗದ ಕೀರ್ತಿ. ಇಂಥದೊಂದು ಆಸರೆ ಇದ್ದಾಗ ಮತದಾರನಿಗೆ ಕಣ್ಣು, ಕಾಲುಗಳು ಗೌಣವಾಗುತ್ತವೆ. ದೊಡ್ಡ ಮನೆತನದವನಿಗೆ ಓಡಾಡಲು ಬೇರೆಯವರ ಕಾಲುಗಳಿರುತ್ತವೆ. ಬಡ ದರ್ಜಿಗೆ ತನ್ನವೇ ಬೇಕು. ವಯಸ್ಸೂ ಹೀಗೆಯೇ ಒಂದು ಆಸರೆ. ಕರುಣಾನಿಧಿಯವರು ಗಾಲಿಕುರ್ಚಿಯಲ್ಲಿ ಕುಳಿತೇ 2011ರಲ್ಲಿಯೂ 2016ರಲ್ಲಿಯೂ ತಿರುವಾರೂರಿನಿಂದ ಗೆದ್ದರು. ಅದೇ ಗಾಲಿಕುರ್ಚಿ ಮೂವತ್ತರ ತರುಣನ ಅಡಿಯಲ್ಲಿದ್ದರೆ ಅನರ್ಹತೆಯಾಗಿ ಕಾಣುತ್ತದೆ. ಹೆಣ್ಣಾಗಿದ್ದು, ಬಡವಳಾಗಿದ್ದು, ಅಂಗವೈಕಲ್ಯವೂ ಇದ್ದರೆ? ನನ್ನ ಮೂರು ದಶಕಗಳಿಗೂ ಮೀರಿದ ಸೇವೆಯಲ್ಲಿ ಅಂಥ ಒಬ್ಬ ಅಭ್ಯರ್ಥಿಯ ನಾಮಪತ್ರವನ್ನೂ ನಾನು ಕೈಯಲ್ಲಿ ಹಿಡಿಯಲಿಲ್ಲ.

ಮತದಾರನಿಗಿಂತ ಮೊದಲು ಜರಡಿ ಹಿಡಿಯುವವು ರಾಜಕೀಯ ಪಕ್ಷಗಳು. ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ, ಅದು ನೇರವಾಗಿ ಅಂಗವೈಕಲ್ಯದ ಪ್ರಕರಣವಲ್ಲದಿದ್ದರೂ. ಚಿಂಚೋಳಿಯ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಮರುವರ್ಷ ಅವರು ಪಾರ್ಶ್ವವಾಯುವಿನಿಂದ ಅಸ್ವಸ್ಥರಾಗಿ ಚೇತರಿಸಿಕೊಳ್ಳುತ್ತಿದ್ದಾಗ, 1990ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದಿದ್ದ ರಾಜೀವ್ ಗಾಂಧಿಯವರು ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವ ಬದಲಾವಣೆಯನ್ನು ಸಾರಿಬಿಟ್ಟರು. ಕೋಮುಗಲಭೆಗಳು, ಪಕ್ಷದೊಳಗಿನ ಭಿನ್ನಮತ ಎಲ್ಲವೂ ಹಿನ್ನೆಲೆಯಲ್ಲಿದ್ದವು. ಆದರೆ ಮುಂದಿಟ್ಟ ನೆಪ ದೇಹಸ್ಥಿತಿಯದು. ಹಾಸಿಗೆ ಹಿಡಿದ ಮನುಷ್ಯನನ್ನು ಹೀಗೆ ಇಳಿಸಬಹುದೇ ಎಂದು ನಮ್ಮ ಭಾಗದ ಜನ, ಅವರ ರಾಜಕೀಯವನ್ನು ಒಪ್ಪದವರೂ, ನೊಂದುಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. 1994ರಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಕುಸಿಯಿತು. ಕಾರಣಗಳು ಹಲವು, ಆ ನೋವೂ ಅವುಗಳಲ್ಲಿ ಒಂದೆಂದು ರಾಜ್ಯ ರಾಜಕಾರಣ ಬಲ್ಲವರೆಲ್ಲ ಹೇಳುತ್ತಾರೆ.

ಕಾಕತಾಳೀಯವೆಂದರೆ ಅದೇ ವಾರ, 1990ರ ಅಕ್ಟೋಬರ್ 12ರಂದು, ಜರ್ಮನಿಯ ಒಳಾಡಳಿತ ಸಚಿವ ವೋಲ್ಫ್‌ಗಾಂಗ್ ಶೊಯ್ಬ್ಲ ಅವರ ಮೇಲೆ ಚುನಾವಣಾ ಪ್ರಚಾರದ ವೇಳೆ ಗುಂಡು ಹಾರಿತು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಕೆಲವೇ ತಿಂಗಳಲ್ಲಿ ಅವರು ಗಾಲಿಕುರ್ಚಿಯಲ್ಲಿ ಅದೇ ಖಾತೆಗೆ ಮರಳಿದರು. 2009ರಿಂದ 2017ರವರೆಗೆ ಹಣಕಾಸು ಸಚಿವರಾಗಿ ಯುರೋಪಿನ ಸಾಲದ ಬಿಕ್ಕಟ್ಟನ್ನು ನಿಭಾಯಿಸಿದರು, ಆ ಬಳಿಕ ಸಂಸತ್ತಿನ ಅಧ್ಯಕ್ಷರಾದರು. 2023ರಲ್ಲಿ ನಿಧನರಾಗುವವರೆಗೂ ಕ್ಷೇತ್ರದ ಜನ ಅವರನ್ನು ಗೆಲ್ಲಿಸುತ್ತಲೇ ಬಂದರು. ಗ್ರೀಸಿನ ಜನ ಅವರ ಮಿತವ್ಯಯ ನೀತಿಯನ್ನು ಮನಸಾರೆ ಶಪಿಸಿದರು. ನಾನೂ ಆ ನೀತಿಯನ್ನು ಒಪ್ಪಲಾರೆ. ಅಂಗವಿಕಲ ರಾಜಕಾರಣಿಯೆಂದರೆ ಕರುಣಾಮಯಿ ಎಂಬ ಭ್ರಮೆಯಿದ್ದವರಿಗೆ ಅವರು ಒಳ್ಳೆಯ ಮದ್ದು.

ಆ ಭ್ರಮೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಬ್ರಿಟನ್ ಮತ್ತು ಅಮೆರಿಕದ ಮತದಾರರ ನಡುವೆ ಸ್ಟೆಫಾನಿ ರೇಹರ್ ಎಂಬ ವಿದ್ವಾಂಸೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಅಂಗವೈಕಲ್ಯವುಳ್ಳ ಅಭ್ಯರ್ಥಿಗಳನ್ನು ಜನ ಹೆಚ್ಚು ಅನುಕಂಪವುಳ್ಳವರು, ಪ್ರಾಮಾಣಿಕರು, ಆರೋಗ್ಯ ಮತ್ತು ಸಮಾಜ ಕಲ್ಯಾಣದ ಬಗ್ಗೆ ಕಾಳಜಿಯುಳ್ಳವರು ಎಂದು ಭಾವಿಸುತ್ತಾರೆಂದು ತೋರಿಸಿತು. ಕೇಳಲು ಹಿತವಾಗಿದೆ. ಆದರೆ ಇದೂ ಒಂದು ಕಟ್ಟು. ಸಮಾಜ ಕಲ್ಯಾಣಕ್ಕೆ ನೀವು ಯೋಗ್ಯರು ಎನ್ನುವವರು, ಹಣಕಾಸಿಗೆ, ಪೊಲೀಸಿಗೆ, ನೀರಾವರಿಗೆ ಬೇರೆಯವರನ್ನು ಹುಡುಕುತ್ತಾರೆ.

ಪರಿಹಾರವೇನು ಎಂದು ಕೇಳಿದರೆ, ಮಹಿಳಾ ಮೀಸಲಾತಿಯ ಅನುಭವದತ್ತ ನೋಡಬೇಕೆನ್ನುತ್ತೇನೆ. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಾಗ, 'ಹೆಂಗಸರು ಆಳಂದ, ಕಲಬುರ್ಗಿ ಅಂತ ಓಡಾಡ್ತಾರೇನು?' ಎಂದು ಕೇಳಿದವರೂ ಇದೇ ಜನ. ಪ್ರಶ್ನೆಯೂ ಅದೇ, ಓಡಾಟದ್ದು. ಪಶ್ಚಿಮ ಬಂಗಾಳದ ಪಂಚಾಯಿತಿಗಳ ಬಗ್ಗೆ ಲೋರಿ ಬೀಮನ್, ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೊವಾ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದೆ. ಮೀಸಲಾತಿಯಿಂದ ಮಹಿಳೆಯ ಆಡಳಿತವನ್ನು ಕಂಡ ಊರುಗಳಲ್ಲಿ, ಗಂಡಸರೇ ಮುಖಂಡರಾಗಬೇಕೆಂಬ ಒಲವೇನೂ ಕರಗಲಿಲ್ಲ. ಆದರೆ ಹೆಣ್ಣಿಗೆ ಕೆಲಸ ಆಗದು ಎಂಬ ತೀರ್ಮಾನ ಕರಗಿತು, ಮುಂದೆ ಮೀಸಲಾತಿ ಇಲ್ಲದಾಗಲೂ ಮಹಿಳೆಯರು ಹೆಚ್ಚಾಗಿ ನಿಂತರು, ಗೆದ್ದರು. ಅಂದರೆ ಇಷ್ಟಪಡದೆಯೂ ಜನ ಯೋಗ್ಯತೆಯನ್ನು ಒಪ್ಪಿಕೊಳ್ಳಬಲ್ಲರು, ಕಣ್ಣಾರೆ ಕಂಡರೆ.

ತಮಿಳುನಾಡು 2025ರಲ್ಲಿ ತನ್ನ ಕಾಯ್ದೆಗಳಿಗೆ ತಿದ್ದುಪಡಿ ತಂದು, ನಗರ ಮತ್ತು ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಅಂಗವೈಕಲ್ಯವುಳ್ಳವರನ್ನು ನಾಮಕರಣ ಮಾಡುವ ವ್ಯವಸ್ಥೆ ಮಾಡಿತು. ದೊಡ್ಡ ಹೆಜ್ಜೆ, ಒಪ್ಪುತ್ತೇನೆ. ಆದರೂ ನನಗೊಂದು ಅಳುಕಿದೆ. ನಾಮಕರಣದಲ್ಲಿ ಮತದಾರನ ಬಳಿ ಹೋಗುವ ಪ್ರಸಂಗವೇ ಇಲ್ಲ. ಅವನ ಅನುಮಾನವನ್ನು ಎದುರಿಸುವ ಬದಲು ಬಳಸಿಕೊಂಡು ಹೋದಂತಾಯಿತು. ನಾಮಕರಣಗೊಂಡವರ ಕೊರಳಲ್ಲಿ ಆಳುವ ಪಕ್ಷದ ಋಣವೂ ಇರುತ್ತದೆ. ಇರಲಿ, ಸಭೆಯಲ್ಲಿ ಕಾಣಿಸಿಕೊಳ್ಳುವುದೂ ಒಂದು ಆರಂಭ. ಚುನಾಯಿತ ಸ್ಥಾನಗಳಲ್ಲಿಯೇ ಒಂದು ಪಾಲು ಮೀಸಲಿಟ್ಟರೆ ಹೇಗೆ ಎಂಬುದನ್ನು ಕರ್ನಾಟಕ ಪರಿಶೀಲಿಸಬೇಕು. ಪಂಚಾಯತ್ ರಾಜ್ಯದ ವಿಷಯದಲ್ಲಿ ಬೇರೆಯವರಿಗೆ ದಾರಿ ತೋರಿದ ರಾಜ್ಯ ನಮ್ಮದು.

ಅದಕ್ಕೆ ಮೊದಲು ಎಣಿಕೆಯಾದರೂ ಆಗಲಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಮಂದಿ, ನಮ್ಮ ರಾಜ್ಯದಲ್ಲಿ 13.24 ಲಕ್ಷ ಮಂದಿ ಅಂಗವೈಕಲ್ಯವುಳ್ಳವರು. ಆಗ ಎಣಿಸಿದ್ದು ಎಂಟು ಬಗೆಯ ವೈಕಲ್ಯಗಳನ್ನು; 2016ರ ಹೊಸ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸಿದೆ. 2024ರ ಲೋಕಸಭಾ ಚುನಾವಣೆಯ ವೇಳೆಗೆ ಅಂಥ ಮತದಾರರು 88 ಲಕ್ಷಕ್ಕೂ ಹೆಚ್ಚು ಇದ್ದಾರೆಂದು ಚುನಾವಣಾ ಆಯೋಗ ಲೆಕ್ಕ ಕೊಟ್ಟಿತು. ಮತಗಟ್ಟೆಗೆ ಇಳಿಜಾರು, ಗಾಲಿಕುರ್ಚಿ, ಬ್ರೈಲ್ ಸೌಲಭ್ಯ. ನಮ್ಮ 2023ರ ವಿಧಾನಸಭಾ ಚುನಾವಣೆಯಲ್ಲಿ ಶೇ 40ಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ಮನೆಯಿಂದಲೇ ಮತದಾನ. ಆ ವರ್ಷದ ಡಿಸೆಂಬರಿನಲ್ಲಿ, ಅಂಗವೈಕಲ್ಯವನ್ನು ಹೀಯಾಳಿಸುವ ಮಾತುಗಳನ್ನು ಪ್ರಚಾರದಲ್ಲಿ ಬಳಸಬಾರದೆಂದು ಪಕ್ಷಗಳಿಗೆ ಸೂಚನೆಯೂ ಹೋಯಿತು. ಎಲ್ಲವೂ ಮೆಚ್ಚತಕ್ಕವೇ. ಆದರೆ ಇವೆಲ್ಲ ಮತ ಹಾಕುವವನಿಗೆ. ಮತ ಕೇಳುವವನಿಗೆ ಏನಿದೆ? ಅಭ್ಯರ್ಥಿ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಮೊಕದ್ದಮೆ ಎಲ್ಲದಕ್ಕೂ ಜಾಗವಿದೆ. ಎಷ್ಟು ಕೋಟ್ಯಧಿಪತಿಗಳು, ಎಷ್ಟು ಆರೋಪಿಗಳು ಗೆದ್ದರೆಂದು ಫಲಿತಾಂಶದ ಮರುದಿನವೇ ಪತ್ರಿಕೆಗಳಲ್ಲಿ ಓದುತ್ತೇವೆ. ಅಂಗವೈಕಲ್ಯವುಳ್ಳವರು ಎಷ್ಟು ಮಂದಿ ನಿಂತರು, ಎಷ್ಟು ಮಂದಿ ಗೆದ್ದರೆಂಬ ಅಂಕಣ ಅದರಲ್ಲಿಲ್ಲ. ಹೇಳಲು ಇಚ್ಛಿಸುವವರಿಗೆ ಐಚ್ಛಿಕವಾಗಿಯಾದರೂ ಒಂದು ಸಾಲು ಇರಬಹುದಲ್ಲವೇ? ನಾಮಪತ್ರವನ್ನು ನೆಲಮಾಳಿಗೆಯ ಕೋಣೆಯಲ್ಲಿ ಸ್ವೀಕರಿಸತಕ್ಕದ್ದು ಎಂಬ ಒಂದು ಸುತ್ತೋಲೆಗೆ ಯಾವ ಬಜೆಟ್ಟೂ ಬೇಡ.

ಹಿರೋಳ್ಳಿಯ ಚಹಾದ ಅಂಗಡಿಗೆ ಹಿಂದಿರುಗುತ್ತೇನೆ. ದರ್ಜಿಯವರ ಕಥೆ 2005ಕ್ಕೆ ಮುಗಿದಿರಲಿಲ್ಲ. 2015ರಲ್ಲಿ ಅವರ ಸ್ಥಾನ ಮಹಿಳೆಗೆ ಮೀಸಲಾಯಿತು. ಊರಿನ ಹಿರಿಯರೇ ಮನೆಗೆ ಬಂದು ಅವರ ಹೆಂಡತಿಯನ್ನು ನಿಲ್ಲಿಸಿದರು, ಗೆಲ್ಲಿಸಿದರು. ಐದು ವರ್ಷ ಪಂಚಾಯಿತಿಯ ಕಾಗದಪತ್ರಗಳನ್ನೆಲ್ಲ ಓದಿದವರು, ಉತ್ತರ ಬರೆದವರು, ಅಧಿಕಾರಿಗಳಿಗೆ ದೂರವಾಣಿ ಮಾಡಿದವರು ಇವರು. "ಅಕೀಗೇನೂ ಬರ್ತಿರಲಿಲ್ಲ ಅಂತಲ್ರೀ, ಆಮ್ಯಾಲ ಅಕೀನೇ ಎಲ್ಲಾ ಕಲತಳು" ಎಂದು ತಿದ್ದಿಕೊಂಡರು. ಊರಿಗೆ ಅವರ ಸಾಮರ್ಥ್ಯದ ಬಗ್ಗೆ ಸಂಶಯವಿರಲಿಲ್ಲವೆಂಬುದು ಹೀಗೆ ಸಾಬೀತಾಯಿತು. ಕೆಲಸ ಅವರಿಂದ ಆಗಬೇಕಿತ್ತು, ಹೆಸರು ಮಾತ್ರ ಬೇರೆಯವರದಿರಬೇಕಿತ್ತು. ಗಂಡನ ನೆರಳಿನಲ್ಲಿ ಹೆಂಡತಿ ಸದಸ್ಯೆಯಾಗುವುದನ್ನು ನಾವು ಬಹಳ ಟೀಕಿಸುತ್ತೇವೆ. ಇಲ್ಲಿ ನೆರಳಿನಲ್ಲಿದ್ದವರು ಯಾರೆಂದು ನನಗೆ ಬಗೆಹರಿಯಲಿಲ್ಲ.

2000ದ ಆ ದಿನದ ನನ್ನ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರು ಅದನ್ನು ಮಾತಿನ ನಡುವೆಯೇ ತಡೆದು, ಈಗ ನಾಮಪತ್ರ ಕೊಡಲು ಠೇವಣಿ ಎಷ್ಟು, ಏನೇನು ಕಾಗದ ಬೇಕು ಎಂದು ವಿಚಾರಿಸತೊಡಗಿದರು. ಯಾರಿಗೆ ಎಂದು ಕೇಳಿದೆ. "ನನಗೇ ರೀ. ಈಗ ಅರವತ್ತಾತು. ಊರಾಗ ಮೊಳಕಾಲ ಬ್ಯಾನಿ ಇಲ್ಲದವರು ಯಾರದಾರ್ರೀ ಈಗ? ಎಲ್ಲಾರೂ ಗ್ವಾಡಿ ಹಿಡದೇ ಮೆಟ್ಲಾ ಹತ್ತತಾರ. ಈ ಸಲ ನಾ ನಿಂತ್ರ ಯಾರೂ ಏನೂ ಅನ್ನಂಗಿಲ್ಲ" ಎಂದರು.

ಅವರ ಪಂಚಾಯಿತಿ ಕಚೇರಿಗೆ ಇಳಿಜಾರು ಇದೆಯೇ ಎಂದು ಕೇಳಿದೆ. ಇದೆಯಂತೆ. ಕಟ್ಟಿ ನಾಲ್ಕೈದು ವರ್ಷವಾಯಿತಂತೆ. ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕಾದದ್ದು ಗೋಡೆಯಂತೆ ಎದ್ದು ನಿಂತಿದ್ದು, ಅದರ ಮೇಲೆ ಸದಸ್ಯರು ಮೋಟಾರ್ ಸೈಕಲ್ ನಿಲ್ಲಿಸುತ್ತಾರಂತೆ. ನನ್ನ ಚೀಟಿಯ ಹಿಂಬದಿಯಲ್ಲಿ ಬೇಕಾದ ಕಾಗದಪತ್ರಗಳ ಪಟ್ಟಿ ಬರೆದುಕೊಟ್ಟೆ. ಅವರು ಅದನ್ನು ಒಮ್ಮೆ ಓದಿ, ಒಂದು ಕಾಗುಣಿತದ ತಪ್ಪು ತೋರಿಸಿ, ಮಡಚಿ ಜೇಬಿಗಿಟ್ಟುಕೊಂಡು ಸ್ಕೂಟರ್ ಚಾಲೂ ಮಾಡಿದರು.